ಗಿಡಮೂಲಿಕೆಯ ರಸವೂ ಸೊಳ್ಳೆಯ ಮರಿಯೂ

ಅರ್ಥಶಾಸ್ತ್ರವನ್ನೋದುವ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಸೊಳ್ಳೆಯ ಮರಿಗಳ ವಿಷಯವಾಗಿ ಲೇಖನವನ್ನು ಕೊಡುತ್ತಾನೆಂದು ಕೇಳಿ ನನ್ನ ಮಿತ್ರರು ನಕ್ಕರು. "ಪಂಚವಾರ್ಷಿಕ ಯೋಜನೆಗಳು ಮುಗಿದುವೆಂದು ಸೊಳ್ಳೆಗೆ ಇಳಿದೆಯೋ?" ಎಂದು ಒಬ್ಬನು ಕೇಳಿದನು. ಅವರು ನಕ್ಕದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮದು ಕಲಾ ಕಾಲೇಜು, ಇಲ್ಲಿ ಪ್ರಯೋಗಶಾಲೆಯಿಲ್ಲ. ಹೈಸ್ಕೂಲನ್ನು ಬಿಟ್ಟ ಮೇಲೆ ನಾನು ಸೂಕ್ಷ್ಮದರ್ಶಕವನ್ನು ಕಣ್ಣಿನಿಂದ ಕಂಡವನಲ್ಲ. ಆದರೂ ಈ ವಿಷಯವು ನನ್ನನ್ನು ಹುಡುಕಿಕೊಂಡು ಮನೆಗೇ ಬಂದಿತು.

ಹೋದ ವರ್ಷದ ಮಳೆಗಾಲದಲ್ಲಿ ನನ್ನ ತಂಗಿಗೆ ಡೆಂಗೀ ಜ್ವರ ತಗುಲಿ 8 ದಿನ ಆಸ್ಪತ್ರೆಯಲ್ಲಿದ್ದಳು. ರಕ್ತಪರೀಕ್ಷೆಯ ಚೀಟಿಯನ್ನು ಹಿಡಿದುಕೊಂಡು ಪ್ಲೇಟ್‌ಲೆಟ್ಟಿನ ಸಂಖ್ಯೆಯು ನಿನ್ನೆಗಿಂತ ಏರಿದೆಯೋ ಇಳಿದಿದೆಯೋ ಎಂದು ನೋಡುವುದೇ ಆ ದಿನಗಳಲ್ಲಿ ನಮ್ಮ ತಂದೆಯವರ ಕೆಲಸವಾಗಿದ್ದಿತು. ಅವಳು ಮನೆಗೆ ಬಂದ ಮರುದಿನ ಆಶಾ ಕಾರ್ಯಕರ್ತೆಯೊಬ್ಬರು ಬಂದು, ಬಚ್ಚಲ ಪಕ್ಕದ ಸಿಮೆಂಟಿನ ತೊಟ್ಟಿಯೊಳಕ್ಕೆ ಟಾರ್ಚಿನ ಬೆಳಕನ್ನು ಬಿಟ್ಟು ನಮ್ಮನ್ನು ಕರೆದು ತೋರಿಸಿದರು. ಬೆಳಕು ಬಿದ್ದೊಡನೆ ನೂರಾರು ಮರಿಹುಳುಗಳು ನೀರಿನ ಮೇಲಿನಿಂದ ತಳಕ್ಕೆ ಮೈ ಕೊಂಕಿಸುತ್ತ ಇಳಿದುವು. ಅದುವರೆಗೆ ಊರಿನ ಚರಂಡಿಯನ್ನೂ ಪಕ್ಕದ ಖಾಲಿ ನಿವೇಶನವನ್ನೂ ಬೈಯುತ್ತಿದ್ದ ನಾವು ಆಮೇಲೆ ಮಾತನಾಡಲಿಲ್ಲ. ನಮ್ಮ ಬೀದಿಗೆ 6 ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವುದು. ಆದುದರಿಂದ 500 ಲೀಟರು ಹಿಡಿಯುವ ಆ ತೊಟ್ಟಿಯನ್ನು ಪೂರ್ತಿ ಬರಿದುಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ನೀರನ್ನು ಚೆಲ್ಲದೆ ಹುಳುವನ್ನು ಕೊಲ್ಲುವ ಉಪಾಯವೇನೆಂದು ಯೋಚಿಸುತ್ತಿದ್ದಾಗ, ನಮ್ಮ ಅಜ್ಜಿಯವರು "ಬೇವಿನ ಸೊಪ್ಪನ್ನು ಅರೆದು ಹಾಕಿ" ಎಂದರು. ಎದುರುಮನೆಯವರು ತುಳಸಿ ಎಂದರು. ಮತ್ತೊಬ್ಬರು ಬೆಳ್ಳುಳ್ಳಿ ಎಂದರು. ಇನ್ನೊಬ್ಬರು ಸೀತಾಫಲದ ಬೀಜ ಎಂದರು. ಎಲ್ಲರೂ ಗಿಡದ ಹೆಸರನ್ನು ಹೇಳಿದರೇ ಹೊರತು ಎಷ್ಟು ಹಾಕಬೇಕೆಂದು ಒಬ್ಬರೂ ಹೇಳಲಿಲ್ಲ. ಈ "ಎಷ್ಟು" ಎಂಬ ಪ್ರಶ್ನೆಯಿಂದಲೇ ನನ್ನ ಅಭ್ಯಾಸವು ಮೊದಲಾಯಿತು. ನಮ್ಮ ಬೀದಿಯಲ್ಲಿಯೇ ಇರುವ, ನಿವೃತ್ತರಾದ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರ ಬಳಿಗೆ ಹೋದೆನು. ಅವರು, "ಕೊಲ್ಲುವ ಮಾತು ಆಮೇಲೆ. ಯಾವುದನ್ನು ಕೊಲ್ಲುತ್ತೀಯೆಂಬುದನ್ನು ಮೊದಲು ನೋಡು" ಎಂದು ಹೇಳಿ, ಒಂದು ಗಾಜಿನ ಲೋಟವನ್ನೂ ಚಹಾ ಸೋಸುವ ಜರಡಿಯನ್ನೂ ಕೊಟ್ಟು ಕಳುಹಿಸಿದರು.

ಡೆಂಗೀಯನ್ನು ಹರಡುವ ಮುಖ್ಯ ಸೊಳ್ಳೆಯ ಹೆಸರು ಈಡಿಸ್ ಈಜಿಪ್ಟೈ. ಕಾಲುಗಳಲ್ಲಿ ಬಿಳಿಯ ಪಟ್ಟೆಗಳುಳ್ಳ ಇದು ಹಗಲಿನಲ್ಲಿ ಕಚ್ಚುವುದು. ಕ್ಯೂಲೆಕ್ಸ್ ಜಾತಿಯ ಸೊಳ್ಳೆಗೆ ಕೊಳಚೆ ನೀರು ಇಷ್ಟ. ಈಡಿಸಿಗಾದರೋ ಮನುಷ್ಯನು ಮನೆಯ ಒಳಗೂ ಹೊರಗೂ ಕೂಡಿಟ್ಟ ತಿಳಿನೀರೇ ಇಷ್ಟ. ಹೆಣ್ಣು ಸೊಳ್ಳೆಯು ಮೊಟ್ಟೆಗಳನ್ನು ನೀರಿನಲ್ಲಿ ಇಡುವುದಿಲ್ಲ. ನೀರಿನ ಅಂಚಿಗಿಂತ ತುಸು ಮೇಲೆ, ಪಾತ್ರೆಯ ಒದ್ದೆಯಾದ ಗೋಡೆಗೆ ಒಂದೊಂದಾಗಿ ಅಂಟಿಸುವುದು. ಅವು ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿರಬಲ್ಲವು. ನೀರು ಏರಿ ಮುಟ್ಟಿದಾಗ ಒಡೆಯುವುವು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ಏಕೆಂದರೆ ನಾನು ಅದನ್ನು ಮರೆತು ಕೆಟ್ಟೆನು. ಮೊಟ್ಟೆಯಿಂದ ಹೊರಬಿದ್ದ ಮರಿಹುಳುವು ಬಾಲದ ಬಳಿಯ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗಾಗಿ ತೂಗುತ್ತ ಉಸಿರಾಡುವುದು. ನೀರಿನಲ್ಲಿರುವ ಸೂಕ್ಷ್ಮವಾದ ಕಸವನ್ನು ತಿನ್ನುವುದು. ಪೊರೆಯನ್ನು ಕಳಚುತ್ತ ನಾಲ್ಕು ಹಂತಗಳಲ್ಲಿ ಬೆಳೆಯುವುದು. ಅನಂತರ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಕೋಶವಾಗುವುದು. ಕೋಶವು ಏನನ್ನೂ ತಿನ್ನುವುದಿಲ್ಲ. ಆದುದರಿಂದ ತಿಂದರೆ ಮಾತ್ರ ಕೊಲ್ಲುವ ಯಾವ ವಿಷವೂ ಅದಕ್ಕೆ ತಗುಲದು. ಬೇಸಗೆಯಲ್ಲಿ ಇದೆಲ್ಲವೂ ಒಂದು ವಾರ ಹತ್ತು ದಿನಗಳಲ್ಲಿ ಮುಗಿದು, ರೆಕ್ಕೆಯುಳ್ಳ ಸೊಳ್ಳೆಯು ಹಾರಿಹೋಗುವುದು.

ಹಾಗಿದ್ದರೆ ರಾಸಾಯನಿಕ ಔಷಧಿಗಳಿರುವಾಗ ಗಿಡಗಳ ಗೊಡವೆಯೇಕೆ? ಇದಕ್ಕೆ ಉತ್ತರವು ನಮ್ಮ ದೇಶದ ಇತಿಹಾಸದಲ್ಲಿಯೇ ಇದೆ. 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರನು ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದನು. 1953ರಲ್ಲಿ ಭಾರತದಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. ಮನೆಮನೆಯ ಗೋಡೆಗೂ ಡಿ.ಡಿ.ಟಿ. ಸಿಂಪಡಿಸಿದುದರ ಫಲವಾಗಿ 1965ರ ವೇಳೆಗೆ ವರದಿಯಾದ ಮಲೇರಿಯಾ ರೋಗಿಗಳ ಸಂಖ್ಯೆಯು ಸುಮಾರು 1 ಲಕ್ಷಕ್ಕೆ ಇಳಿಯಿತು. ಇನ್ನೇನು ಗೆದ್ದೆವೆಂದು ಎಲ್ಲರೂ ಭಾವಿಸಿದರು. 1976ರಲ್ಲಿ ಅದೇ ಸಂಖ್ಯೆಯು 64 ಲಕ್ಷವನ್ನು ಮೀರಿತು. ಇದಕ್ಕೆ ಹಲವು ಕಾರಣಗಳಿದ್ದುವು. ಅವುಗಳಲ್ಲೊಂದು, ಸೊಳ್ಳೆಗಳು ಆ ವಿಷವನ್ನು ಸಹಿಸಲು ಕಲಿತದ್ದು. ಒಂದೇ ಬಗೆಯ ಅಣುವಿನಿಂದ ಆಕ್ರಮಣ ಮಾಡಿದರೆ, ಅದನ್ನು ತಾಳಬಲ್ಲ ಕೆಲವೇ ಹುಳುಗಳು ಉಳಿದು ಅವುಗಳ ಸಂತತಿಯೇ ಬೆಳೆಯುವುದು. ಗಿಡದ ರಸದಲ್ಲಾದರೋ ಹಲವು ದ್ರವ್ಯಗಳು ಒಟ್ಟಿಗೆ ಇರುವುದರಿಂದ ಹುಳುವು ಅಷ್ಟು ಸುಲಭವಾಗಿ ಅದಕ್ಕೆ ಹೊಂದಿಕೊಳ್ಳಲಾರದೆಂಬುದು ವಿಜ್ಞಾನಿಗಳ ಆಶೆ.

ಈ ಆಶೆಯು ಹೊಸದಲ್ಲ. 1933ರಲ್ಲಿಯೇ ನಿಕೊಟಿನ್, ಅನಬಸಿನ್ ಮೊದಲಾದ ಸಸ್ಯಕ್ಷಾರಗಳು ಕ್ಯೂಲೆಕ್ಸ್ ಮರಿಹುಳುಗಳನ್ನು ಕೊಲ್ಲುವುವೆಂಬುದು ಪ್ರಕಟವಾಗಿದ್ದಿತು. ನಮ್ಮ ಅಜ್ಜಿಯವರ ಬೇವಿನ ವಿಷಯಕ್ಕೆ ಬಂದರೆ, 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಅವರ ಸಂಗಡಿಗರು, ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕದಡಿ ಬೆಳೆಗೆ ಸಿಂಪಡಿಸಿದರೆ ಮಿಡತೆಗಳು ಅದನ್ನು ತಿನ್ನವೆಂದು ತೋರಿಸಿದರು. 1968ರಲ್ಲಿ ಇಂಗ್ಲೆಂಡಿನಲ್ಲಿ ಆ ಬೀಜದಿಂದ ಅಜಾಡಿರಾಕ್ಟಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಬೆಳ್ಳುಳ್ಳಿಯ ಮಾತೂ ಬರಿಯ ಮಾತಲ್ಲ. ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದ ಅಮೋಣ್ಕರ್ ಮತ್ತು ಬ್ಯಾನರ್ಜಿಯವರು, ಬೆಳ್ಳುಳ್ಳಿಯಲ್ಲಿ ಸೊಳ್ಳೆಮರಿಯನ್ನು ಕೊಲ್ಲುವ ಅಂಶವು ಗಂಧಕವನ್ನೊಳಗೊಂಡ ಎರಡು ಸಂಯುಕ್ತಗಳೆಂದು 1971ರಲ್ಲಿ ಪ್ರಕಟಿಸಿದರು. ಅಂದರೆ, ನೆರೆಹೊರೆಯವರು ಹೇಳಿದ ಗಿಡಗಳಲ್ಲಿ ಯಾವುದೂ ಹುಸಿಯಲ್ಲ.

ಆದರೆ ಇವೆಲ್ಲವೂ ಒಂದೇ ರೀತಿಯಲ್ಲಿ ಕೊಲ್ಲುವುದಿಲ್ಲ. ಸೀತಾಫಲದ ಬೀಜದಲ್ಲಿರುವ ವಿಷವು ಹುಳುವಿನ ಜೀವಕೋಶಗಳು ಶಕ್ತಿಯನ್ನು ಪಡೆಯುವ ಕ್ರಿಯೆಯನ್ನೇ ತಡೆಯುವುದು. (ತಲೆಯ ಹೇನಿಗೆಂದು ಈ ಬೀಜದ ಪುಡಿಯನ್ನು ಹಚ್ಚುವ ರೂಢಿ ನಮ್ಮಲ್ಲಿದೆ, ಅದು ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪೊರೆಗೆ ಗಾಯವಾಗುವುದು. ತಾಯಂದಿರು ಇದನ್ನು ತಿಳಿದಿರಬೇಕು.) ಅಂಟುವಾಳದ ನೊರೆಯಲ್ಲಿ ಸಾಪೊನಿನ್ ಎಂಬ ದ್ರವ್ಯವಿದೆ, ಅದು ನೀರಿನ ಮೇಲ್ಮೈಯ ಬಿಗಿತವನ್ನು ಸಡಿಲಗೊಳಿಸುವುದಲ್ಲದೆ, ಹುಳುವಿನ ಮೈಗೂ ಹಾನಿಮಾಡುವುದು. ಬೇವು ಇವೆರಡಕ್ಕಿಂತಲೂ ಬೇರೆ. ಅದು ಹುಳುವಿನ ಹಸಿವನ್ನು ಕೆಡಿಸುವುದು. ಪೊರೆ ಕಳಚುವ ಕಾಲವನ್ನು ಗೊತ್ತುಮಾಡುವ ರಸದ ಕೆಲಸವನ್ನು ಗಲಿಬಿಲಿ ಮಾಡುವುದು. ಬೇವಿನಲ್ಲಿ ಬಿದ್ದ ಹುಳುವು ಸಾಯುವುದು ನಿಧಾನವಾಗಿ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಲಕ್ಕಿ ಸೊಪ್ಪಿನ ಹೊಗೆ ಹಾಕಿದರೆ ಸೊಳ್ಳೆ ಹೋಗುವುದೆಂದು ಎಲ್ಲರೂ ಬಲ್ಲರು. ಹೋಗುವುದು ನಿಜ, ಸಾಯುವುದಿಲ್ಲ. ಅಟ್ಟುವುದು ಬೇರೆ, ಕೊಲ್ಲುವುದು ಬೇರೆ. ಅಂಗಳದಲ್ಲಿ ತುಳಸಿಯ ಕಟ್ಟೆಯಿದ್ದ ಮಾತ್ರಕ್ಕೆ ಹಿತ್ತಲಿನ ತೊಟ್ಟಿಯಲ್ಲಿರುವ ಮರಿಹುಳುವಿಗೆ ಏನೂ ಆಗದು.

ಈಗ "ಎಷ್ಟು" ಎಂಬ ಪ್ರಶ್ನೆಗೆ ಬರೋಣ. ಪ್ರಯೋಗಶಾಲೆಗಳಲ್ಲಿ ಎಲೆ ಅಥವಾ ಬೀಜವನ್ನು ನೆರಳಿನಲ್ಲಿ ಒಣಗಿಸಿ ಪುಡಿಮಾಡಿ, ಹೆಕ್ಸೇನ್, ಅಸಿಟೋನ್, ಮೆಥನಾಲ್ ಮೊದಲಾದ ದ್ರಾವಕಗಳಲ್ಲಿ ಅದರ ಸಾರವನ್ನು ಇಳಿಸುತ್ತಾರೆ. ನಾವು ಮನೆಯಲ್ಲಿ ಮಾಡುವುದು ನೀರಿನ ಕಷಾಯ. ಎಷ್ಟೋ ಗಿಡಗಳಲ್ಲಿ ಹುಳುವನ್ನು ಕೊಲ್ಲುವ ಅಂಶವು ನೀರಿಗೆ ಸರಿಯಾಗಿ ಇಳಿಯುವುದೇ ಇಲ್ಲ. ಆದುದರಿಂದ ಪತ್ರಿಕೆಯಲ್ಲಿ "ಇಂಥ ಗಿಡದ ಸಾರದಿಂದ ನೂರಕ್ಕೆ ನೂರು ಹುಳುಗಳು ಸತ್ತುವು" ಎಂದು ಓದಿದಾಗ, ಯಾವ ದ್ರಾವಕದ ಸಾರ ಎಂದು ಮೊದಲು ಕೇಳಬೇಕು. ಆಮೇಲೆ ಪ್ರಮಾಣ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅರ್ಧದಷ್ಟು ಹುಳುಗಳನ್ನು ಕೊಲ್ಲಲು ಲೀಟರಿಗೆ ಎಷ್ಟು ಮಿಲಿಗ್ರಾಂ ಸಾರ ಬೇಕೆಂಬುದೇ ವಿಜ್ಞಾನಿಗಳ ಅಳತೆಗೋಲು. ಆ ಸಂಖ್ಯೆಯು ಚಿಕ್ಕದಾದಷ್ಟೂ ಗಿಡವು ಬಲವುಳ್ಳದ್ದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದುದರಿಂದ ನಾನು ಲೆಕ್ಕಕ್ಕೆ ಕುಳಿತೆನು. ಒಂದು ಗಿಡದ ಸಾರವು ಲೀಟರಿಗೆ 100 ಮಿಲಿಗ್ರಾಂ ಇದ್ದರೆ ಸಾಕೆಂದಿಟ್ಟುಕೊಳ್ಳೋಣ. ನಮ್ಮ 500 ಲೀಟರಿನ ತೊಟ್ಟಿಗೆ 50 ಗ್ರಾಂ ಸಾರ ಬೇಕಾಯಿತು. ಒಣಗಿದ ಎಲೆಯ ತೂಕದಲ್ಲಿ ಹತ್ತನೆಯ ಒಂದು ಪಾಲು ಸಾರವಾಗಿ ಬರುವುದೆಂದು ಭಾವಿಸಿದರೆ ಒಣ ಎಲೆ ಅರ್ಧ ಕಿಲೋ. ಹಸಿಯದು ನಾಲ್ಕು ಪಟ್ಟು ಎಂದರೆ 2 ಕಿಲೋ. ಹುಳುವು ವಾರ ಹತ್ತು ದಿನಗಳಲ್ಲಿ ಸೊಳ್ಳೆಯಾಗುವುದರಿಂದ ಇದನ್ನು ವಾರವಾರವೂ ಹಾಕಬೇಕು. ನಮ್ಮ ಬೀದಿಯ 40 ಮನೆಗಳಿಗೆ ವಾರಕ್ಕೆ 80 ಕಿಲೋ ಹಸಿರೆಲೆ! ಇಡೀ ಊರಿನ ಲೆಕ್ಕವನ್ನು ನಾನು ಮಾಡಲಿಲ್ಲ. ಊರಿನ ಬೇವಿನ ಮರಗಳೆಲ್ಲ ಬೋಳಾದಂತೆ ಕಣ್ಣಿಗೆ ಕಟ್ಟಿತು. ಇದಕ್ಕೆ ಹೋಲಿಸಿದರೆ ಟೆಮಿಫಾಸ್ ಎಂಬ ರಾಸಾಯನಿಕವನ್ನು ಲೀಟರಿಗೆ 1 ಮಿಲಿಗ್ರಾಂ ಮೀರದಂತೆ ಹಾಕುತ್ತಾರೆ. ನಮ್ಮ ತೊಟ್ಟಿಗೆ ಅರ್ಧ ಗ್ರಾಂ ಮಾತ್ರ. "ಪುಕ್ಕಟೆಯಾಗಿ ಹಿತ್ತಲಲ್ಲಿ ಸಿಗುವ ಮದ್ದು" ಎಂಬ ಮಾತಿನಲ್ಲಿ ಸೊಪ್ಪನ್ನು ಕೊಯ್ದು, ಒಣಗಿಸಿ, ಕುಟ್ಟಿ, ಸೋಸುವವರ ದುಡಿಮೆಯ ಬೆಲೆಯನ್ನು ಯಾರೂ ಸೇರಿಸಿರುವುದಿಲ್ಲ. ಆ ದುಡಿಮೆಯು ಸಾಮಾನ್ಯವಾಗಿ ಮನೆಯ ಹೆಂಗಸರದಾಗಿರುವುದೇ ಅದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ.

ಎಲೆಯನ್ನು ಬಿಟ್ಟು ಬೀಜಕ್ಕೆ ಹೋಗೋಣವೆಂದು ಮೇಷ್ಟ್ರು ಹೇಳಿದರು; ಬೇವಿನ ಬಲವು ಮುಖ್ಯವಾಗಿ ಬೀಜದ ತಿರುಳಿನಲ್ಲಿದೆ. ರೈತರು ಬೆಳೆಗೆ ಹೊಡೆಯುವ ಕಷಾಯದಂತೆಯೇ ತಿರುಳನ್ನು ಕುಟ್ಟಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿದೆನು. ನಾಲ್ಕು ಲೋಟಗಳಲ್ಲಿ 200 ಮಿಲಿಲೀಟರು ನೀರು ಹಾಕಿ, ತೊಟ್ಟಿಯಿಂದ ಹಿಡಿದ ದೊಡ್ಡ ಮರಿಹುಳುಗಳನ್ನು ಲೋಟಕ್ಕೆ 25ರಂತೆ ಬಿಟ್ಟು, ಎಲ್ಲದಕ್ಕೂ ಕಷಾಯವನ್ನು ಬೆರಸಿದೆನು. ಮೇಷ್ಟ್ರು ಬಂದು ನೋಡಿ, "ಬರಿಯ ನೀರಿನ ಲೋಟವೆಲ್ಲಿ?" ಎಂದರು. ನನಗೆ ಅರ್ಥವಾಗಲಿಲ್ಲ. "ಹುಳು ಸತ್ತರೆ ಬೇವಿನಿಂದ ಸತ್ತಿತೋ, ನೀನು ಜರಡಿಯಲ್ಲಿ ಹಿಚುಕಿದ್ದರಿಂದ ಸತ್ತಿತೋ, ಹಸಿವಿನಿಂದ ಸತ್ತಿತೋ?" ಎಂದು ಕೇಳಿದರು. ಎಲ್ಲವನ್ನೂ ಚೆಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದೆನು.

ಬರಿಯ ನೀರಿನಲ್ಲಿಯೂ ಕೆಲವು ಹುಳುಗಳು ಸಾಯುವುವು. ಅವನ್ನು ಲೆಕ್ಕದಿಂದ ಕಳೆಯುವ ಸೂತ್ರವನ್ನು 1925ರಲ್ಲಿ ಅಬಟ್ ಎಂಬವನು ಕೊಟ್ಟಿದ್ದಾನೆ. ಬರಿಯ ನೀರಿನಲ್ಲಿ 100ಕ್ಕೆ 10, ಔಷಧಿಯಲ್ಲಿ 100ಕ್ಕೆ 55 ಸತ್ತರೆ, ಔಷಧಿಯ ಪಾಲು 55 ಅಲ್ಲ. ಉಳಿಯಬೇಕಾಗಿದ್ದ 90ರಲ್ಲಿ 45, ಅಂದರೆ ನೂರಕ್ಕೆ 50. ಬರಿಯ ನೀರಿನಲ್ಲಿಯೇ ನೂರಕ್ಕೆ 20ಕ್ಕಿಂತ ಹೆಚ್ಚು ಸತ್ತರೆ ಆ ಪ್ರಯೋಗವನ್ನು ಬಿಟ್ಟುಬಿಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ನನ್ನ ಎರಡನೆಯ ಪ್ರಯೋಗವೂ ಈ ನಿಯಮಕ್ಕೆ ಬಲಿಯಾಯಿತು. ತಿನ್ನಲು ಏನನ್ನೂ ಹಾಕಿರಲಿಲ್ಲ. ಮೂರನೆಯ ಬಾರಿ ಲೋಟಕ್ಕೊಂದು ಚಿಟಿಕೆ ಬಿಸ್ಕತ್ತಿನ ಪುಡಿಯನ್ನು ಉದುರಿಸಿದೆನು.

ಆ ಬಾರಿ ಬೆಳಿಗ್ಗೆ ಎದ್ದು ನೋಡಿದರೆ ಬೇವಿನ ಲೋಟಗಳಲ್ಲಿ ಹುಳುಗಳೆಲ್ಲ ಆಡುತ್ತಿದ್ದುವು. ಅಜ್ಜಿಯವರ ಮುಖವನ್ನು ನೋಡಲು ನನಗೆ ಸಂಕೋಚವಾಯಿತು. ಆದರೆ ಚೆಲ್ಲದೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ನಾಲ್ಕನೆಯ ದಿನಕ್ಕೆ ಬರಿಯ ನೀರಿನಲ್ಲಿದ್ದುವು ಬಹುಮಟ್ಟಿಗೆ ಕೋಶಗಳಾಗಿದ್ದುವು. ಬೇವಿನಲ್ಲಿದ್ದುವು ಮಂಕಾಗಿ, ಕೆಲವು ಅರ್ಧ ಪೊರೆ ಕಳಚಿ ಅದರಲ್ಲಿಯೇ ಸಿಕ್ಕಿಕೊಂಡು ಸತ್ತಿದ್ದುವು. ಒಂದು ವಾರದಲ್ಲಿ ಆ ಲೋಟಗಳಿಂದ ಒಂದೆರಡರ ಹೊರತು ಸೊಳ್ಳೆಗಳೇ ಹೊರಬರಲಿಲ್ಲ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ತೀರ್ಪು ಕೊಟ್ಟಿದ್ದರೆ ಬೇವಿಗೆ ಅನ್ಯಾಯವಾಗುತ್ತಿದ್ದಿತು.

ಅಂಟುವಾಳದ ಲೋಟದಲ್ಲಿ ಮಾತ್ರ ಒಂದೇ ರಾತ್ರಿಯಲ್ಲಿ ಎಲ್ಲವೂ ತಳಕ್ಕಿಳಿದು ಸತ್ತಿದ್ದುವು. ಈ ವೇಗವೇ ನನ್ನನ್ನು ಕೆಡಿಸಿತು. ಮೇಷ್ಟ್ರನ್ನು ಕೇಳದೆಯೇ ಒಂದು ಬೋಗುಣಿ ಅಂಟುವಾಳದ ನೊರೆನೀರನ್ನು ತೊಟ್ಟಿಗೆ ಸುರಿದೆನು. ಆಶಾ ಕಾರ್ಯಕರ್ತೆಯವರು ಆ ತೊಟ್ಟಿಗೆ ಬಿಟ್ಟುಹೋಗಿದ್ದ ಆರು ಗಪ್ಪಿ ಮೀನುಗಳು ಆಗ ನನ್ನ ನೆನಪಿಗೇ ಬರಲಿಲ್ಲ. ಕೆರೆಯ ಬೇಡದ ಮೀನುಗಳನ್ನು ಕೊಲ್ಲಲು ಅಂಟುವಾಳವನ್ನು ಉಪಯೋಗಿಸುವುದುಂಟೆಂದು ನನಗೆ ತಿಳಿದದ್ದು ಆಮೇಲೆ. ಬೆಳಿಗ್ಗೆ ತಂಗಿಯು ಕೂಗಿದ್ದನ್ನು ಕೇಳಿ ಓಡಿಹೋದೆನು. ಆರು ಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದುವು. ಅವಳು ಅವಕ್ಕೆ ಹೆಸರುಗಳನ್ನಿಟ್ಟಿದ್ದಳು. ಮರಿಹುಳುಗಳೂ ಸತ್ತಿದ್ದುವು, ನಿಜ. ಆದರೆ ಎರಡು ದಿನ ಕಳೆದು ನಲ್ಲಿಯಲ್ಲಿ ನೀರು ಬಂದು ತೊಟ್ಟಿಯು ಅಂಚಿನವರೆಗೆ ತುಂಬಿತು. ಗೋಡೆಗಂಟಿದ್ದ ಮೊಟ್ಟೆಗಳನ್ನು ನೀರು ಮುಟ್ಟಿತು. ಹೊಸನೀರಿನಲ್ಲಿ ನನ್ನ ಅಂಟುವಾಳವು ತೆಳುವಾಯಿತು. ವಾರ ಕಳೆಯುವುದರೊಳಗೆ ಮೊದಲಿನಷ್ಟೇ ಹುಳುಗಳು. ಅವನ್ನು ತಿನ್ನಲು ಮೀನುಗಳು ಮಾತ್ರ ಇರಲಿಲ್ಲ.

ಮೇಷ್ಟ್ರು ಬೈಯಲಿಲ್ಲ. ಲೋಟದಲ್ಲಿ ನೀರು, ಹುಳು, ಔಷಧಿ ಮೂರೇ ಇರುವುವು. ತೊಟ್ಟಿಯಲ್ಲಿ ಪಾಚಿ, ಗೋಡೆ, ಬಿಸಿಲು, ಮೀನು, ಮೇಲಿನಿಂದ ಬರುವ ಹೊಸನೀರು ಎಲ್ಲವೂ ಇರುವುವೆಂದು ತಿಳಿಯಹೇಳಿದರು. ಬೇವಿನ ಸತ್ತ್ವವು ಬಿಸಿಲಿನಲ್ಲಿ ಬೇಗನೆ ಕೆಡುವುದು. ಸೊಪ್ಪನ್ನೇ ತೊಟ್ಟಿಗೆ ಹಾಕಿದರೆ ಅದು ಕೊಳೆತು ನೀರು ನಾರುವುದಲ್ಲದೆ, ಆ ನಾತಕ್ಕೆ ಕ್ಯೂಲೆಕ್ಸ್ ಸೊಳ್ಳೆಗಳು ಮೊಟ್ಟೆಯಿಡಲು ಬರುವುವು. ಕುಡಿಯುವ ನೀರಿಗಂತೂ ಇವಾವುವನ್ನೂ ಬೆರಸಕೂಡದು. ಬೇವಿನ ಎಣ್ಣೆಯನ್ನು ಕುಡಿಸಿದುದರಿಂದ ಎಳೆಯ ಮಕ್ಕಳ ಪ್ರಾಣಕ್ಕೇ ಅಪಾಯವಾದ ಸಂದರ್ಭಗಳು ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ. ಗಿಡದ್ದೆಂದ ಮಾತ್ರಕ್ಕೆ ನಿರಪಾಯವಲ್ಲ.

ಹಾಗಾದರೆ ಗಿಡಗಳಿಂದ ಉಪಯೋಗವೇ ಇಲ್ಲವೆ? ಇದೆ, ಆದರೆ ಒಂಟಿಯಾಗಿ ಅಲ್ಲ. ಮಧುರೆಯ ವೈದ್ಯಕೀಯ ಕೀಟಶಾಸ್ತ್ರ ಸಂಶೋಧನ ಕೇಂದ್ರದವರು 1990ರ ದಶಕದ ಮೊದಲ ಭಾಗದಲ್ಲಿ, ಮಿದುಳುಜ್ವರವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗಳು ಬೆಳೆಯುವ ಭತ್ತದ ಗದ್ದೆಗಳಲ್ಲಿ ಬೇವಿನ ಹಿಂಡಿಯಿಂದ ಪ್ರಯೋಗಗಳನ್ನು ನಡೆಸಿದರು. ಬೇವಿನ ಜೊತೆಗೆ ನೀರನ್ನು ಕಟ್ಟಿ ನಿಲ್ಲಿಸದೆ, ನಡುನಡುವೆ ಗದ್ದೆಯನ್ನು ಆರಗೊಡುವ ಪದ್ಧತಿಯನ್ನೂ ಅವರು ಸೇರಿಸಿಕೊಂಡಿದ್ದರು. ಹಿಂಡಿಯು ರೈತನಿಗೆ ಗೊಬ್ಬರವೂ ಹೌದು. ಅಲ್ಲಿ ಕುಡಿಯುವವರಿಲ್ಲ, ಲೆಕ್ಕವೂ ಹೊಂದುವುದು. ಮನೆಯ ಹಿಂದಿನ ಹೊಂಡ, ಬಚ್ಚಲ ಗುಂಡಿ, ಎತ್ತಲಾಗದ ಕಲ್ಲಿನ ಕುಳಿ, ಇಂಥವಕ್ಕೆ ಬೇವಿನ ಬೀಜದ ಕಷಾಯವು ತಕ್ಕದ್ದೆಂದು ನನಗೆ ತೋರುತ್ತದೆ.

ನಮ್ಮ ತೊಟ್ಟಿಗೆ ತಕ್ಕ ಉಪಾಯವು ಬೇವಿಗಿಂತ ಸರಳವಾದುದು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ಸೊಳ್ಳೆಗಳಿಗೆ ನೀರು ದೊರೆಯದಂತೆ ಮಾಡಿದರೆ ಅವು ಕಡಮೆಯಾಗುವುವೆಂಬುದನ್ನು ಗಮನಿಸಿದನು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ಸಂಬಂಧವನ್ನು ಅವನು ಸಿಕಂದರಾಬಾದಿನಲ್ಲಿ ಸಾಧಿಸಿ ತೋರಿಸಿದ್ದು 14 ವರ್ಷಗಳ ತರುವಾಯ, 1897ರಲ್ಲಿ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡದ ಮಾತು ಸರಿಯೇ. 6 ದಿನಕ್ಕೊಮ್ಮೆ ಬರುವ ನೀರು ದಿನವೂ ಬಂದರೆ ತೊಟ್ಟಿಯೇ ಬೇಡವಾದೀತೆಂಬುದನ್ನೂ ಯಾರಾದರೂ ಬರೆದಿಟ್ಟುಕೊಳ್ಳಬೇಕು.

ಈಗ ನೀರು ಬರುವ ದಿನದ ಹಿಂದಿನ ಸಂಜೆ, ಉಳಿದ ನೀರನ್ನು ಬಿಂದಿಗೆಗಳಿಗೆ ಸೋಸಿಕೊಂಡು, ತೊಟ್ಟಿಯ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸನೆ ಉಜ್ಜುತ್ತೇನೆ. ಅರ್ಧ ಗಂಟೆಯ ಕೆಲಸ. ತುಂಬಿದ ಮೇಲೆ ಹಳೆಯ ಪಂಚೆಯೊಂದನ್ನು ಬಿಗಿಯಾಗಿ ಕಟ್ಟಿ ಮುಚ್ಚುತ್ತೇವೆ. ಮೂರು ಹೊಸ ಗಪ್ಪಿಗಳೂ ಬಂದಿವೆ. ಉಜ್ಜುವಾಗ ಅವು ಬಕೆಟ್ಟಿನಲ್ಲಿರುತ್ತವೆ. ಬೇವಿನ ಲೋಟಗಳು ಇನ್ನೂ ಕಿಟಕಿಯ ಮೇಲಿವೆ, ಏಕೆಂದರೆ ಬಿಸಿಲಿನಲ್ಲಿಟ್ಟ ಕಷಾಯವು ಎಷ್ಟು ದಿನ ಉಳಿಯುವುದೆಂದು ನೋಡುತ್ತಿದ್ದೇನೆ. ಟಾರ್ಚು ಹಿಡಿಯುವ ಕೆಲಸವು ತಂಗಿಯದು. ಹೋದ ವಾರ ಅವಳು ತೊಟ್ಟಿಯಲ್ಲಿ ಎರಡು ಮರಿಹುಳುಗಳನ್ನು ಕಂಡುಹಿಡಿದಳು. ಹುಡುಕಿದಾಗ ಪಂಚೆಯ ಮೂಲೆಯಲ್ಲಿ ಬೆರಳು ತೂರುವಷ್ಟು ತೂತಿದ್ದಿತು. ಅಜ್ಜಿಯವರು ಅದಕ್ಕೆ ತೇಪೆ ಹಾಕಿಕೊಟ್ಟಿದ್ದಾರೆ.